ಯಂತ್ರ ಹಳತಾಗಲಿ, ಅಕ್ಷರ ಅನಾಥವಾಗದಿರಲಿ

ನಿಮ್ಮ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಹಳೆಯ ಕಂಪ್ಯೂಟರೊಂದು ಬಟ್ಟೆ ಹೊದ್ದು ಮಲಗಿದೆಯೇ? ಮಕ್ಕಳು ಓದುತ್ತಿದ್ದಾಗ ಸಾಲ ಮಾಡಿ ಕೊಂಡದ್ದು, ಅವರು ಪುಣೆಗೋ ಬೆಂಗಳೂರಿಗೋ ಹೋದ ಮೇಲೆ ಯಾರೂ ಮುಟ್ಟದೆ ಉಳಿದದ್ದು, ಕ್ರಿಸ್ಮಸ್ಸಿಗೆ ಗೋಡೆಗೆ ಸುಣ್ಣ ಬಳಿಯುವಾಗಲೆಲ್ಲ "ಇದನ್ನು ಗುಜರಿಗೆ ಹಾಕಿಬಿಡೋಣ" ಎಂಬ ಮಾತಿಗೆ ಗುರಿಯಾಗುವುದು? ಇದ್ದರೆ ದಯವಿಟ್ಟು ಈ ಲೇಖನವನ್ನು ಓದಿ ಮುಗಿಸುವ ತನಕ ಅದನ್ನು ಗುಜರಿಯವನ ಗಾಡಿಗೆ ಏರಿಸಬೇಡಿ. ಇದು ನನ್ನ ವಿನಂತಿ ಮಾತ್ರವಲ್ಲ, ತಪ್ಪು ಮಾಡಿ ಪಶ್ಚಾತ್ತಾಪ ಪಟ್ಟವನ ಎಚ್ಚರಿಕೆಯೂ ಹೌದು.

2004ರ ಮಾತು. ರಾಯಬಾಗ ತಾಲೂಕಿನ ನಮ್ಮ ಮನೆಗೆ ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ಕೊಂಡು ತಂದಿದ್ದೆ. ಅಜ್ಜಿ ಆಗ ಇನ್ನೂ ಇದ್ದಳು. ನಮ್ಮ ಗಡಿಭಾಗದ ಎಷ್ಟೋ ಅಜ್ಜಿಯರಂತೆ ಅವಳೂ ಮಾತನ್ನು ಕನ್ನಡದಲ್ಲಿ ಆಡುತ್ತಿದ್ದಳು, ಹಾಡನ್ನು ಮರಾಠಿಯಲ್ಲಿ ಹಾಡುತ್ತಿದ್ದಳು. ಒಂದು ಮಳೆಗಾಲವಿಡೀ ಅವಳ ಎದುರು ಕುಳಿತು ಅವಳು ಹೇಳಿದ್ದನ್ನೆಲ್ಲ ಬೆರಳಚ್ಚು ಮಾಡಿದೆ. ಮನೆತನದವರು ಯಾವ ಊರಿನಿಂದ ಬಂದರು, ಯಾರು ಯಾರ ಮಗಳು, ಯಾವ ಮಗು ಯಾವ ಬೇನೆಯಲ್ಲಿ ತೀರಿಹೋಯಿತು ಎಂಬುದೆಲ್ಲ ಒಂದು ಕಡತದಲ್ಲಿ ಸೇರಿತು. ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ಹಾಡುಗಳು ಇನ್ನೊಂದು ಕಡತಕ್ಕೆ ಹೋದವು. ಮರುವರ್ಷ ಅಜ್ಜಿ ಪ್ರಭುವಿನಲ್ಲಿ ನಿದ್ರಿಸಿದಳು.

ಹನ್ನೆರಡು ವರ್ಷಗಳ ನಂತರ ಹೊಸ ಕಂಪ್ಯೂಟರು ಕೊಂಡೆ. ಹಳೆಯದರಿಂದ ಕಡತಗಳನ್ನು ಮಾತ್ರ ಹೊಸದಕ್ಕೆ ಸಾಗಿಸಿ, ಹಳೆಯ ಯಂತ್ರವನ್ನು ಗುಜರಿಗೆ ಕೊಟ್ಟೆ. ಒಂದು ದಿನ ಹಾಡುಗಳ ಕಡತ ತೆರೆದರೆ ಅದರಲ್ಲಿ ಹಾಡಿಲ್ಲ! ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀಟುಗಳು, ಚುಕ್ಕೆಗಳು, ಗುರುತು ಪರಿಚಯವಿಲ್ಲದ ಚಿಹ್ನೆಗಳು. 'ವೈರಸ್ ತಿಂದುಹಾಕಿದೆ' ಎಂದುಕೊಂಡು ಅಳಿಸಿಬಿಟ್ಟೆ. ಇನ್ನೊಂದು ಕಡತವನ್ನು ಅಳಿಸುವ ಮುನ್ನ ಯಾವುದೋ ಕೆಲಸಕ್ಕಾಗಿ ಚಿಕ್ಕೋಡಿಯ ಡಿ.ಟಿ.ಪಿ. ಅಂಗಡಿಗೆ ಹೋದಾಗ ಅಲ್ಲಿನ ಹುಡುಗನಿಗೆ ತೋರಿಸಿದೆ. ಅವನು ನಕ್ಕು, "ಏನೂ ಆಗಿಲ್ಲರೀ ಸರ್, ಫಾಂಟ್ ಇಲ್ಲ ಅಷ್ಟ" ಎಂದ. ಎರಡು ನಿಮಿಷದಲ್ಲಿ ಅಜ್ಜಿಯ ಮಾತು ತೆರೆಯ ಮೇಲೆ ಕನ್ನಡವಾಗಿ ಎದ್ದು ಬಂತು. ಹಾಡುಗಳು ಮಾತ್ರ ಮತ್ತೆ ಬರಲಿಲ್ಲ. ಅವನ್ನು ಕೊಂದದ್ದು ಯಂತ್ರವಲ್ಲ, ವೈರಸ್ಸಲ್ಲ, ನನ್ನ ಅಜ್ಞಾನ.

ಆದುದರಿಂದ ಈ ಲೇಖನದಲ್ಲಿ ನಾನು ಹೇಳಬೇಕಾದದ್ದು ಒಂದೇ: ಯಂತ್ರ ಹಳತಾದರೆ ನಾಚಿಕೆಪಡಬೇಡಿ. ನೀವು ಬರೆದದ್ದನ್ನು ಬೇರೆ ಯಾರೂ ಓದಲಾರದಂತೆ ಬರೆದಿಟ್ಟಿದ್ದರೆ ಅದಕ್ಕೆ ನಾಚಿಕೊಳ್ಳಿ, ಮತ್ತು ಈಗಲೇ ಸರಿಪಡಿಸಿ. ನಾವು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧವಾಗಿದೆ. ಹಳೆಯ ಯಂತ್ರವನ್ನು ಕಂಡು ಮುಖ ಸಿಂಡರಿಸುತ್ತೇವೆ; ಹಳೆಯ ಫಾಂಟನ್ನು ಮಾತ್ರ ಎದೆಗವಚಿಕೊಂಡಿದ್ದೇವೆ.

ಮುಖವಾಡದ ಕಥೆ

ಕಂಪ್ಯೂಟರಿಗೆ ಅಕ್ಷರ ತಿಳಿಯದು. ಅದಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. ಇಂತಿಂಥ ಸಂಖ್ಯೆ ಇಂತಿಂಥ ಅಕ್ಷರ ಎಂದು ಎಲ್ಲರೂ ಒಪ್ಪಿಕೊಂಡಾಗ ಮಾತ್ರ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಬಹುದು. ಹಿಂದಿನ ಯಂತ್ರಗಳಲ್ಲಿ ಇಂಥ 256 ಮನೆಗಳಷ್ಟೇ ಇದ್ದವು. ಮೊದಲ ಅರ್ಧವನ್ನು ಇಂಗ್ಲಿಷ್ ಹಿಡಿದಿತ್ತು, ಉಳಿದರ್ಧದಲ್ಲಿ ಯುರೋಪಿನ ಭಾಷೆಗಳ ಅಕ್ಷರಗಳಿದ್ದವು. ಕನ್ನಡಕ್ಕೆ ಮನೆಯೇ ಇರಲಿಲ್ಲ. ಆಗ ನಮ್ಮವರು ಒಂದು ಉಪಾಯ ಹೂಡಿದರು. ಆ ಪರದೇಶಿ ಅಕ್ಷರಗಳ ಮೇಲೆಯೇ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳ ಮುಖವಾಡ ತೊಡಿಸಿದರು. ಆ ಮುಖವಾಡವೇ ಫಾಂಟು.

ನುಡಿಯ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಬರೆದು ಮುಖವಾಡ ಕಳಚಿ ನೋಡಿ. ಇಂಗ್ಲಿಷಿನ 'ಪಿ', ತಲೆಯ ಮೇಲೆ ಓರೆಗೀಟಿರುವ 'ಎ', ಇಂಗ್ಲೆಂಡಿನ ನಾಣ್ಯದ ಪೌಂಡ್ ಗುರುತು, ಒತ್ತಕ್ಷರದ ಜಾಗದಲ್ಲಿ ಜರ್ಮನ್ನರ ಒಂದು ಅಕ್ಷರ ಕಾಣುತ್ತವೆ. ಆ ಕಡತದಲ್ಲಿ ಕನ್ನಡದ ಒಂದಕ್ಷರವೂ ಇಲ್ಲ! ಇರುವುದು ಕನ್ನಡದ ವೇಷ. ವೇಷವನ್ನು ಬೇರೆ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಪೆಟ್ಟಿಗೆಯನ್ನು ಗುಜರಿಗೆ ಕೊಟ್ಟ ದಿನ ಬರಹ ಮೂಕವಾಗುತ್ತದೆ.

ಈ ಉಪಾಯ ಮಾಡಿದವರನ್ನು ನಾನು ಹಳಿಯುತ್ತಿಲ್ಲ. ಹಳಿದರೆ ಕೃತಘ್ನನಾದೇನು. ಕನ್ನಡಕ್ಕೆ ಸುಲಭವಾದ ಕೀಲಿಮಣೆ ವಿನ್ಯಾಸ ಕೊಟ್ಟವರು ಕೆ.ಪಿ. ರಾವ್. 1998ರಲ್ಲಿ ಬಂದ 'ಬರಹ' ತಂತ್ರಾಂಶವು ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ಕಂಪ್ಯೂಟರಿನ ತೆರೆಯ ಮೇಲೆ ಕನ್ನಡವನ್ನು ತೋರಿಸಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಿಗೆ ಕನ್ನಡವನ್ನು ಮುಟ್ಟಿಸಿತು. ಪೂರ್ಣಚಂದ್ರ ತೇಜಸ್ವಿಯವರಂಥ ಸಾಹಿತಿಗಳು ಕನ್ನಡ ತಂತ್ರಾಂಶಕ್ಕಾಗಿ ದನಿ ಎತ್ತಿದರು. ಆ ಕಾಲಕ್ಕೆ ಅದು ನದಿ ದಾಟಲು ಇದ್ದ ತೆಪ್ಪ. ಆದರೆ ಸೇತುವೆ ಕಟ್ಟಿದ ಮೇಲೂ ತೆಪ್ಪದಲ್ಲೇ ಕುಳಿತಿರುವುದನ್ನು ಏನೆನ್ನೋಣ?

ಸೇತುವೆ ಎಂದೋ ಸಿದ್ಧವಾಗಿದೆ. ಲೋಕದ ಎಲ್ಲ ಲಿಪಿಗಳಿಗೂ ಸ್ವಂತ ಮನೆ ಕೊಡುವ ಯೂನಿಕೋಡ್ ಒಕ್ಕೂಟ ಸ್ಥಾಪನೆಯಾದದ್ದು 1991ರಲ್ಲಿ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಳಗೆ 'ತುಂಗಾ' ಎಂಬ ಯೂನಿಕೋಡ್ ಕನ್ನಡ ಫಾಂಟು ಇತ್ತು. ಎಂದರೆ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಮ್ಮ ಮೇಜಿನ ಮೇಲೆಯೇ ಈ ಅನುಕೂಲವಿದೆ. ಇಂದು ನಿಮ್ಮ ಮೊಬೈಲಿನಲ್ಲಿ ಕನ್ನಡ ಒತ್ತಿದರೆ ಮೂಡುವುದು ಯೂನಿಕೋಡೇ. ವಿಪರ್ಯಾಸ ನೋಡಿ: ಮೊಮ್ಮಗಳು ಮೊಬೈಲಿನಲ್ಲಿ ಕಳುಹಿಸಿದ 'ಊಟ ಆಯ್ತಾ ಅಜ್ಜಾ' ಎಂಬ ಸಂದೇಶವನ್ನು ಯಾವ ದೇಶದ ಯಾವ ಯಂತ್ರದಲ್ಲಾದರೂ ಓದಬಹುದು, ಅಜ್ಜ ವರ್ಷಗಟ್ಟಲೆ ತಿದ್ದಿ ತೀಡಿ ಅಚ್ಚುಮಾಡಿಸಿದ ಚರ್ಚಿನ ಸ್ಮರಣ ಸಂಚಿಕೆಯ ಕಡತವನ್ನು ಪಕ್ಕದ ಬೀದಿಯ ಕಂಪ್ಯೂಟರಿನಲ್ಲೂ ಓದಲಾಗದು!

ಗಡಿಯ ಎರಡು ಲಿಪಿಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಮಗೆ ಈ ಮಾತು ಬೇರೆಯವರಿಗಿಂತ ಹೆಚ್ಚು ತಾಗಬೇಕು. ನಮ್ಮ ಮನೆಗಳಲ್ಲಿ ಎರಡು ಭಾಷೆಗಳು ಒಂದೇ ಒಲೆಯ ಮುಂದೆ ಕುಳಿತು ಉಣ್ಣುತ್ತವೆ. ಲಗ್ನಪತ್ರಿಕೆಯ ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದರಲ್ಲಿ ಮರಾಠಿ. ಹಳೆಯ ಫಾಂಟುಗಳ ಕಾಲದಲ್ಲಿ ಒಂದೇ ಸಂಖ್ಯೆ ಕನ್ನಡದ ತುಣುಕಿಗೂ ಮರಾಠಿಯ ತುಣುಕಿಗೂ ದುಡಿಯುತ್ತಿತ್ತು. ಮುಖವಾಡ ತಪ್ಪಿದರೆ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ.

ಯೂನಿಕೋಡಿನಲ್ಲಿ ಮರಾಠಿ ಬರೆಯುವ ದೇವನಾಗರಿಗೆ 2304ರಿಂದ 2431ರವರೆಗೆ, ಕನ್ನಡಕ್ಕೆ 3200ರಿಂದ 3327ರವರೆಗೆ, ತಲಾ 128 ಮನೆಗಳು. ಮರಾಠಿಯ 'ಕ' 2325ನೆಯ ಮನೆಯಲ್ಲಿದೆ, ನಮ್ಮ 'ಕ' 3221ನೆಯ ಮನೆಯಲ್ಲಿದೆ. ಲೆಕ್ಕ ಹಾಕಿ: ಎರಡೂ ತಮ್ಮ ತಮ್ಮ ಓಣಿಯ ಮೊದಲ ಮನೆಯಿಂದ ಸರಿಯಾಗಿ 21 ಮನೆ ಆಚೆಗಿವೆ! ಇದು ಆಕಸ್ಮಿಕವಲ್ಲ. ಭಾರತದ ಲಿಪಿಗಳಿಗಾಗಿ ನಮ್ಮ ದೇಶದಲ್ಲೇ ರೂಪಿಸಿದ 'ಇಸ್ಕಿ' ಶಿಷ್ಟತೆಯು ಎಲ್ಲವನ್ನೂ ಒಂದೇ ಕ್ರಮದಲ್ಲಿ ಕೂರಿಸಿತ್ತು. ಯೂನಿಕೋಡ್ ಅದೇ ಕ್ರಮವನ್ನು ಅನುಸರಿಸಿತು. ಗಡಿಗಾಗಿ ಬಸ್ಸಿನ ಫಲಕಗಳಿಗೆ ಮಸಿ ಬಳಿಯುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು. ಇಲ್ಲಿ ಯಾರ ಮನೆಯನ್ನೂ ಯಾರೂ ಕಿತ್ತುಕೊಂಡಿಲ್ಲ. ಎರಡೂ ಲಿಪಿಗಳು ಒಂದೇ ಪುಟದಲ್ಲಿ ನೆಮ್ಮದಿಯಾಗಿ ಬಾಳುತ್ತವೆ. ನನ್ನ ಅಜ್ಜಿಯ ಮಾತೂ ಹಾಡೂ ಹೀಗೆ ಜೊತೆಯಾಗಿ ಇರಬಹುದಿತ್ತು.

ಮೂರು ನೆಪಗಳು

ಇಷ್ಟು ಹೇಳಿದೊಡನೆ ನೆಪಗಳು ಸಾಲುಗಟ್ಟಿ ಬರುತ್ತವೆ.

"ಹಳೆಯದೇ ಚೆನ್ನಾಗಿ ನಡೆದಿದೆ, ಬದಲಿಸುವುದೇಕೆ?" ಎಂಬುದು ಮೊದಲ ನೆಪ. ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ತಿಳಿಯದು. ಅದರಲ್ಲಿ ಕೈ ಪಳಗಿದವರಿಗೆ ಅದನ್ನು ಬಿಡಲು ಮನಸ್ಸಿಲ್ಲ. ಯೂನಿಕೋಡ್ ಅಕ್ಷರ ಅಂದವಲ್ಲ ಎಂದು ಹೇಳುತ್ತಾರೆ. ಒಂದು ಕಾಲಕ್ಕೆ ಅದು ನಿಜವಿತ್ತು. ಈಗ ಉಚಿತವಾಗಿಯೇ ಅನೇಕ ಅಂದವಾದ ಯೂನಿಕೋಡ್ ಕನ್ನಡ ಫಾಂಟುಗಳಿವೆ. ಇನ್‌ಡಿಸೈನ್‌ನ ಈಚಿನ ಆವೃತ್ತಿಗಳು ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತವೆ. ಕಲಿಯಬೇಕಾದದ್ದು ನಾಲ್ಕು ದಿನದ ಪಾಠ. ನಾಲ್ಕು ದಿನದ ಸೋಮಾರಿತನಕ್ಕೆ ನಾಲ್ಕು ತಲೆಮಾರಿನ ಓದನ್ನು ಬಲಿಕೊಡುವುದು ಯಾವ ನ್ಯಾಯ?

"ಕಾಗದದಲ್ಲಿ ಅಚ್ಚಾಗಿದೆಯಲ್ಲ, ಸಾಕು" ಎಂಬುದು ಎರಡನೆಯದು. ಕಾಗದವನ್ನು ನಾನು ಹಗುರವಾಗಿ ಕಾಣುವವನಲ್ಲ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅದನ್ನು ಜೋಡಿಸಿದ ಮೊಳೆಗಳು ಕರಗಿಹೋಗಿದ್ದರೂ ಪುಟವನ್ನು ಇಂದೂ ಓದುತ್ತೇವೆ. ಕಾಗದದ ಮೇಲೆ ಬಿದ್ದ ಅಕ್ಷರ ಮತ್ತೆ ಮೊಳೆಯನ್ನು ಬೇಡುವುದಿಲ್ಲ. ಆದರೆ ನಾವಿರುವುದು ಕೃಷ್ಣೆಯ ದಂಡೆಯಲ್ಲಿ ಎಂಬುದನ್ನು ಮರೆಯಬಾರದು. 2005ರಲ್ಲಿ, 2019ರಲ್ಲಿ, ಮತ್ತೆ 2021ರಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಬಂದಾಗ ದಂಡೆಯ ಜನ ಉಟ್ಟ ಬಟ್ಟೆಯಲ್ಲಿ ಗಂಜಿ ಕೇಂದ್ರ ಸೇರಿದ್ದನ್ನು ಕಂಡಿದ್ದೇವೆ. ನೀರು ಇಳಿದ ಮೇಲೆ ಬಿಸಿಲಿಗೆ ಹಾಕಿದ ಹಾಳೆಗಳಲ್ಲಿ ಶಾಯಿ ಹರಡಿ ಹೋಗಿತ್ತು. ಕಾಗದವೂ ಮುಳುಗುತ್ತದೆ, ಕಂಪ್ಯೂಟರೂ ಮುಳುಗುತ್ತದೆ. ಮುಳುಗದೆ ಉಳಿಯುವುದು ಬೇರೆ ಊರಿನಲ್ಲಿರುವ ಇನ್ನೊಂದು ಪ್ರತಿ ಮಾತ್ರ.

"ಎಲ್ಲ ಮೊಬೈಲಿನಲ್ಲಿದೆ" ಎಂಬುದು ಮೂರನೆಯದು, ಇದು ಯುವಕರ ನೆಪ. ಅಜ್ಜನ ಕೈಬರಹದ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಕರ್ತವ್ಯ ಮುಗಿಯಿತೆಂದು ತಿಳಿಯುತ್ತಾರೆ. ಮೂರು ದಿನಗಳಲ್ಲಿ ಅದು ಶುಭೋದಯದ ಚಿತ್ರಗಳ ರಾಶಿಯ ಕೆಳಗೆ ಹೂತುಹೋಗುತ್ತದೆ. ಮೊಬೈಲು ಕಳೆದ ದಿನ ಅದೂ ಕಳೆಯುತ್ತದೆ. ಫೋಟೋ ಬೇಡವೆಂದಲ್ಲ, ಅದು ಮೊದಲ ಹೆಜ್ಜೆ. ಅದರೊಳಗಿನ ಮಾತನ್ನು ಅಕ್ಷರವಾಗಿ ಬಿಡಿಸಿ ಬರೆಯುವುದು ಎರಡನೆಯ ಹೆಜ್ಜೆ. ನಾವು ಮೊದಲ ಹೆಜ್ಜೆಯಲ್ಲೇ ಕುಳಿತುಬಿಡುತ್ತೇವೆ. ಅಂದಹಾಗೆ, ಹಳೆಯ ಫ್ಲಾಪಿಯೊಂದರ ಸಾಮರ್ಥ್ಯ 1.44 ಎಂ.ಬಿ. ನಿಮ್ಮ ಮೊಬೈಲಿನ ಒಂದು ಫೋಟೋಕ್ಕೆ ಅದು ಸಾಲದೇ ಹೋಗಬಹುದು. ಆದರೆ ಈ ಲೇಖನದಂಥ ಇಪ್ಪತ್ತು ಲೇಖನಗಳು ಅದರಲ್ಲಿ ಆರಾಮವಾಗಿ ಹಿಡಿಸುತ್ತವೆ. ಅಕ್ಷರ ಎಷ್ಟು ಕಡಿಮೆ ಜಾಗ ಬೇಡುತ್ತದೆ, ನೋಡಿ. ಅಷ್ಟನ್ನೂ ನಾವು ಕೊಡಲೊಲ್ಲೆವು!

ಈ ನೆಪಗಳ ನಡುವೆ ಒಬ್ಬರನ್ನು ನಾವು ಮರೆತೇಬಿಟ್ಟಿದ್ದೇವೆ: ಕಣ್ಣಿಲ್ಲದ ಸಹೋದರ ಸಹೋದರಿಯರು. ತೆರೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಅದು ಮುಖವಾಡವನ್ನು ನೋಡುವುದಿಲ್ಲ, ಒಳಗಿರುವುದನ್ನು ಓದುತ್ತದೆ. ಹಳೆಯ ಫಾಂಟಿನ ಕಡತ ಕೊಟ್ಟರೆ ಅದರ ಬಾಯಲ್ಲಿ ಬರುವುದು ಅರ್ಥವಿಲ್ಲದ ಶಬ್ದಗಳ ಗದ್ದಲ. ಅರ್ಥ ಬಿಡಿಸಿ ಹೇಳುವವನಿಲ್ಲದ ಸಭೆಯಲ್ಲಿ ಅರಿಯದ ಭಾಷೆಯಾಡಿ ಏನು ಪ್ರಯೋಜನ ಎಂದು ಸಂತ ಪೌಲನು ಕೊರಿಂಥದವರನ್ನು ಎಚ್ಚರಿಸಿದ್ದು ನೆನಪಿಗೆ ಬರುವುದಿಲ್ಲವೇ?

ಹೊಲಕ್ಕೊಂದು ನ್ಯಾಯ, ಮನೆತನಕ್ಕೊಂದು ನ್ಯಾಯ

ನಾವು ದಾಖಲೆಯ ಬೆಲೆ ಅರಿಯದವರೇ? ಖಂಡಿತ ಅಲ್ಲ. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಉತಾರದಲ್ಲಿ ಹೆಸರಿನ ಒಂದು ಕೊಂಬು ಇಳಿಯೊಂದು ತಪ್ಪಿದರೆ ತಹಸೀಲ್ದಾರರ ಕಚೇರಿಗೆ ಹತ್ತು ಸಲ ಅಲೆಯುತ್ತೇವೆ. ಎರಡು ಎಕರೆ ಕಬ್ಬಿನ ಹೊಲಕ್ಕೆ ಇಷ್ಟು ಎಚ್ಚರ ತೋರುವ ನಾವು, ಆ ಹೊಲವನ್ನು ಉತ್ತವರ ಹೆಸರು, ಮಾತು, ನಂಬಿಕೆಗಳ ಬಗ್ಗೆ ಅದರ ಕಾಲು ಭಾಗದ ಎಚ್ಚರವನ್ನಾದರೂ ತೋರಬಾರದೇ?

ಧರ್ಮಸಭೆ ಈ ಎಚ್ಚರವನ್ನು ನಿಯಮವನ್ನಾಗಿಯೇ ಮಾಡಿದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 535ನೆಯ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ದೀಕ್ಷಾಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳಿರಬೇಕು, ಹಳೆಯ ಪುಸ್ತಕಗಳನ್ನೂ ಜತನವಾಗಿ ಕಾಪಾಡಬೇಕು. ಆ ಕೈಬರಹದ ಪುಸ್ತಕಗಳು ಹಾಗೆಯೇ ಇರಲಿ. ಅವುಗಳ ಇನ್ನೊಂದು ಪ್ರತಿಯನ್ನು ಯೂನಿಕೋಡ್ ಕನ್ನಡದಲ್ಲಿ ಸಿದ್ಧಪಡಿಸಲು ಗುರುಗಳ ಅನುಮತಿ ಪಡೆದು ಯುವಜನರು ಮುಂದೆ ಬರಬಾರದೇಕೆ? ಅದನ್ನು ಅಂತರಜಾಲಕ್ಕೆ ಏರಿಸುವುದು ಮಾತ್ರ ಬೇಡ; ಜನರ ಖಾಸಗಿ ವಿವರ ಜಾತ್ರೆಯ ಅಂಗಡಿಯಲ್ಲ.

ಈಗ ಏನು ಮಾಡೋಣ?

ದೂರುವುದು ಸುಲಭ, ದಾರಿ ತೋರುವುದು ಹೊಣೆ. ಆದ್ದರಿಂದ ನನ್ನ ತಪ್ಪಿನಿಂದ ನಾನು ಕಲಿತದ್ದನ್ನು ಹೇಳುತ್ತೇನೆ.

ಹಳೆಯ ಯಂತ್ರವನ್ನು ಬಿಡುವ ಮೊದಲು ಕಡತಗಳ ಜೊತೆಗೆ ಅದರ ಫಾಂಟುಗಳನ್ನೂ ನಕಲು ಮಾಡಿಕೊಳ್ಳಿ. ವಿಚಿತ್ರ ಅಕ್ಷರಗಳು ಕಂಡರೆ ಅಳಿಸಬೇಡಿ. ನುಡಿ ಮತ್ತು ಬರಹ ತಂತ್ರಾಂಶಗಳಲ್ಲೇ ಹಳೆಯ ಬರಹವನ್ನು ಯೂನಿಕೋಡಿಗೆ ಬದಲಿಸುವ ಸೌಲಭ್ಯವಿದೆ. ಬದಲಾದ ಮೇಲೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ತಪ್ಪಬಹುದು. ಮನೆಯ ಹಿರಿಯರೊಬ್ಬರು ಗಟ್ಟಿಯಾಗಿ ಓದಲಿ, ಮಗುವೊಂದು ತಿದ್ದಲಿ. ಆ ಸಂಜೆ ಟಿ.ವಿ.ಗಿಂತ ಖಂಡಿತ ಚೆನ್ನಾಗಿರುತ್ತದೆ.

ಮುಖ್ಯವಾದದ್ದರ ಮೂರು ಪ್ರತಿಗಳಿರಲಿ: ಒಂದು ಕಾಗದದ ಮೇಲೆ, ಒಂದು ಮನೆಯ ಯಂತ್ರದಲ್ಲಿ, ಇನ್ನೊಂದು ನದಿಯಿಂದ ದೂರದ ಊರಿನ ಬಂಧುಗಳ ಮನೆಯಲ್ಲಿ. ಜುಗೂಳದವರ ಪ್ರತಿ ಚಿಕ್ಕೋಡಿಯಲ್ಲಿರಲಿ, ಕುಡಚಿಯವರದು ಬೆಳಗಾವಿಯಲ್ಲಿರಲಿ.

ಲಗ್ನಪತ್ರಿಕೆಯನ್ನೋ ಸ್ಮರಣ ಸಂಚಿಕೆಯನ್ನೋ ಅಚ್ಚಿಗೆ ಕೊಟ್ಟಾಗ "ಯೂನಿಕೋಡ್ ಕಡತವನ್ನೂ ಕೊಡಿ" ಎಂದು ಕೇಳಿ. ಹಣ ಕೊಡುವವರು ನೀವು, ಅಕ್ಷರವೂ ನಿಮ್ಮದೇ. ಕೇಳುವವರು ಹೆಚ್ಚಿದರೆ ಅಂಗಡಿಯವರು ತಾವಾಗಿಯೇ ಬದಲಾಗುತ್ತಾರೆ.

ಇನ್ನು ಹಳೆಯ ಯಂತ್ರದ ಮಾತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕಂಪನಿಯು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ವಿಂಡೋಸ್ 11 ಅನೇಕ ಹಳೆಯ ಯಂತ್ರಗಳನ್ನು ತಾನಾಗಿ ಒಪ್ಪುವುದಿಲ್ಲ. ಸರಿ, ಎಸೆಯೋಣವೇ? ಕಂಪನಿಯೊಂದರ ಪಂಚಾಂಗದ ದಿನ ನಿಮ್ಮ ಯಂತ್ರದ ಮರಣದ ದಿನವಾಗಬೇಕಿಲ್ಲ. ಉಚಿತವಾದ ಲಿನಕ್ಸ್ ಹಾಕಿದರೆ ಅಂಥ ಯಂತ್ರ ಇನ್ನೂ ಕೆಲವು ವರ್ಷ ಮಕ್ಕಳ ಬೆರಳಚ್ಚಿಗೂ ಓದಿಗೂ ಆದೀತು. ಆದರೆ 2014ರಲ್ಲೇ ಬೆಂಬಲ ಕಳೆದುಕೊಂಡ ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಬೇಡಿ, ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡಲೇಬೇಡಿ. ಹಳೆಯ ಬರಹ ತೆರೆಯಲು, ಹೊಸದಕ್ಕೆ ಸಾಗಿಸಲು ಮಾತ್ರ ಅದು ಇರಲಿ. ಪೂರ್ತಿ ಕೆಟ್ಟುಹೋದರೆ ಹಾರ್ಡ್‌ಡಿಸ್ಕನ್ನು ತೆಗೆದಿಟ್ಟುಕೊಂಡು, ಉಳಿದದ್ದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ. ಹಳೆಯ ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸವಿದೆ. ಅದನ್ನು ತಿಪ್ಪೆಗೆ ಎಸೆದು ಒಡೆದರೆ ನೆಲಕ್ಕೂ ಕೇಡು, ಆಡುವ ಮಕ್ಕಳಿಗೂ ಕೇಡು.

ಪ್ರಿಯ ಓದುಗರೇ, ಇವುಗಳಲ್ಲಿ ಯಾವುದೂ ದೊಡ್ಡ ಖರ್ಚಿನ ಕೆಲಸವಲ್ಲ. ಬೇಕಾದದ್ದು ಒಂದು ಭಾನುವಾರದ ಸಂಜೆ, ಓದಿದ ಮಗನೋ ಮಗಳೋ ಒಬ್ಬರು, ಮತ್ತು ಹಿರಿಯರ ಮಾತಿಗೆ ಬೆಲೆಯಿದೆ ಎಂಬ ನಂಬಿಕೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವನು ನಾನು. ನಿಮ್ಮ ಕೋಟೆ ಇನ್ನೂ ಉಳಿದಿರಬಹುದು.

ಅಜ್ಜಿಯ ಮಾತಿನ ಕಡತ ಈಗ ಯೂನಿಕೋಡಿನಲ್ಲಿದೆ. ಮೂರು ಊರುಗಳಲ್ಲಿ ಮೂರು ಪ್ರತಿಗಳಿವೆ. ಅದರ ನಡುವೆ ಒಂದು ಕಡೆ, 'ಇಲ್ಲಿ ಅಜ್ಜಿ ಹಾಡಿದಳು, ಹಾಡು ಇನ್ನೊಂದು ಕಡತದಲ್ಲಿದೆ' ಎಂದು ನಾನೇ ಬರೆದ ಸಾಲಿದೆ. ಅದನ್ನು ಅಳಿಸಿಲ್ಲ. ಮಕ್ಕಳು ಓದುತ್ತ ಅಲ್ಲಿಗೆ ಬಂದಾಗ, "ಆ ಹಾಡು ಎಲ್ಲಿ?" ಎಂದು ಕೇಳುತ್ತಾರೆ. ನಿಮ್ಮ ಮಕ್ಕಳು ಹಾಗೆ ಕೇಳುವ ದಿನ ಬಾರದಿರಲಿ.